ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಮತ್ತೆ ರಸ್ತೆಗಿಳಿಸುವುದು: ಯಾವ ಕೆಲಸ ಮೊದಲು, ಯಾವುದು ಕೊನೆಗೆ

"ಕಾರು ಪೂರ್ತಿ ಬಿಚ್ಚಿಟ್ಟಿದ್ದೀನಿ, ಈಗ ಏನು ಮಾಡಲಿ?" ನನ್ನ ಹತ್ತಿರ ಸಲಹೆ ಕೇಳುವವರಲ್ಲಿ ಹೆಚ್ಚಿನವರು ಮಾತು ಶುರು ಮಾಡುವುದೇ ಹೀಗೆ. ಎಂಜಿನ್ ಒಂದು ಮೂಲೆಯಲ್ಲಿ, ಬಾಗಿಲುಗಳು ಗೋಡೆಗೆ ಒರಗಿಕೊಂಡು, ನಟ್ಟು ಬೋಲ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿ. ದುಡ್ಡಿನ ಬಹುಪಾಲು ಬಣ್ಣಕ್ಕೋ ಸೀಟಿಗೋ ಹೋಗಿದೆ, ತಳವನ್ನು ತುಕ್ಕು ಇನ್ನೂ ತಿನ್ನುತ್ತಲೇ ಇದೆ. ಇವರು ಯಾರೂ ಕೈಕೆಲಸ ಬಾರದವರಲ್ಲ. ತಪ್ಪಿದ್ದು ಕೆಲಸದ ಕ್ರಮ.

ಅದಕ್ಕೆ ಇಲ್ಲಿ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಾರನ್ನು ಒಮ್ಮೆಲೇ ಬಿಚ್ಚಬೇಡಿ. ಒಂದು ಭಾಗ ಬಿಚ್ಚಿ, ಸರಿಮಾಡಿ, ಕೂಡಿಸಿ, ಪರೀಕ್ಷಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ಪ್ರತಿ ಹಂತ ಮುಗಿದಾಗಲೂ ಕಾರು ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಲಿ, ತಳ್ಳಿದರೆ ಉರುಳಲಿ. ಕೊನೆಯ ಬೋಲ್ಟಿನವರೆಗೂ ಬಿಚ್ಚಿ ಕಟ್ಟುವ ವಿಧಾನ ಪ್ರದರ್ಶನಕ್ಕಿಡುವ ಕಾರಿಗೆ ಸರಿ. ಜಾಗ, ಸಮಯ, ಹಣ ಮೂರೂ ಅಷ್ಟಕ್ಕಷ್ಟೇ ಇರುವವರು ಆ ದಾರಿಗೆ ಹೋಗಬಾರದು.

ಹಂತ 1: ಕೊಳ್ಳುವಾಗ ತಳ ನೋಡಿ

ಎಂಜಿನ್ ಕೆಟ್ಟಿದ್ದರೆ ಖರ್ಚಿಗೆ ಒಂದು ಮಿತಿ ಇರುತ್ತದೆ: ಇಷ್ಟು ಪಿಸ್ಟನ್, ಇಷ್ಟು ಬೇರಿಂಗ್, ಇಷ್ಟು ಲೇತ್ ಕೆಲಸ. ತುಕ್ಕಿಗೆ ಅಂಥ ಮಿತಿ ಇಲ್ಲ. ಒಂದು ತಗಡು ಕತ್ತರಿಸಿದರೆ ಅದರ ಹಿಂದಿನದೂ ಕೊಳೆತಿರುತ್ತದೆ. ಆದ್ದರಿಂದ ಎಂಜಿನ್ ಚೆನ್ನಾಗಿ ಓಡುವ, ತಳ ಕೊಳೆತ ಕಾರಿಗಿಂತ ಎಂಜಿನ್ ಸತ್ತು ಮೈ ಗಟ್ಟಿಯಾಗಿರುವ ಕಾರೇ ಕೊನೆಗೆ ಅಗ್ಗ ಬೀಳುತ್ತದೆ.

ಮೊದಲ ಕಾರಾದರೆ ಲಕ್ಷಗಟ್ಟಲೆ ತಯಾರಾದ ಮಾದರಿಯನ್ನೇ ಆರಿಸಿ. 1962ರಿಂದ 1980ರವರೆಗೆ ಬಂದ ಬ್ರಿಟಿಷ್ ಕಾರು ಎಂಜಿಬಿ, ಅದೇ ಅವಧಿಯ, ಬ್ರಿಟನ್ನಿನದೇ ಆದ ಟ್ರಯಂಫ್ ಸ್ಪಿಟ್‌ಫೈರ್, 1989ರಲ್ಲಿ ಶುರುವಾದ ಮಾಜ್ದಾ ಎಂಎಕ್ಸ್-5, ಇವುಗಳ ಬಿಡಿಭಾಗ ಈಗಲೂ ಹೊಸದಾಗಿ ಸಿಗುತ್ತವೆ. ಎಂಜಿಬಿಗಂತೂ ಇಡೀ ಬಾಡಿಯನ್ನೇ ಮತ್ತೆ ತಯಾರಿಸಿದ್ದಾರೆ. ಅಪರೂಪದ ಕಾರು ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಒಂದು ಬಾಗಿಲ ಹಿಡಿಕೆಗೆ ವರ್ಷಗಟ್ಟಲೆ ಹುಡುಕಾಡಬೇಕಾಗುತ್ತದೆ.

ನೋಡಲು ಹೋಗುವಾಗ ಟಾರ್ಚು, ಚಿಕ್ಕ ಅಯಸ್ಕಾಂತ, ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಅಯಸ್ಕಾಂತವನ್ನು ತೆಳುವಾದ ಕಾಗದದಲ್ಲಿ ಸುತ್ತಿ ಮೈಮೇಲೆ ಸರಿಸಿ. ಹಿಡಿತ ಸಡಿಲವಾದ ಕಡೆ ತಗಡಿಲ್ಲ, ಪುಟ್ಟಿ ಇದೆ. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಪೆಟ್ಟಿಗೆಯಂಥ ತೊಲೆಯನ್ನು ಸಿಲ್ ಎನ್ನುತ್ತಾರೆ. ಎಂಜಿಬಿಯಂಥ, ಭಾರ ಹೊರುವ ಬೇರೆ ಚೌಕಟ್ಟು (ಚಾಸಿ) ಇಲ್ಲದ ಕಾರಿನಲ್ಲಿ ಇದೇ ಬೆನ್ನುಮೂಳೆ. ಮೇಲ್ಛಾವಣಿ ಇಲ್ಲದ ಮಾದರಿಯಲ್ಲಿ ಭಾರವೆಲ್ಲ ಇದರ ಮೇಲೇ. ಸಿಲ್, ನೆಲದ ಅಂಚು, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬ್ಯಾಟರಿ ಪೆಟ್ಟಿಗೆ (ಎಂಜಿಬಿಯಲ್ಲಿ ಅದು ಸೀಟಿನ ಹಿಂದಿದೆ), ಗಾಜಿನ ಬುಡ ಇವಿಷ್ಟನ್ನೂ ಮಾಲೀಕರನ್ನು ಕೇಳಿಕೊಂಡು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ. ಗಟ್ಟಿ ತಗಡು ಟಣ್ಣನೆ ಮಾತಾಡುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಎಂಎಕ್ಸ್-5ರಲ್ಲಿ ಹಿಂದಿನ ಚಕ್ರದ ಮುಂದಿರುವ ಸಿಲ್ ತುದಿಯನ್ನು ಮರೆಯಬೇಡಿ. ಬಟ್ಟೆ ಛಾವಣಿಯ ನೀರು ಇಳಿಯುವ ಕೊಳವೆ ಕಟ್ಟಿಕೊಂಡರೆ ನೀರೆಲ್ಲ ನಿಲ್ಲುವುದು ಅಲ್ಲಿಯೇ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದರ ಮೇಲೆ ಬಹಳ ನಂಬಿಕೆ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದನ್ನು ನೋಡಿಕೊಳ್ಳಿ. ಕಾರಿನ ಒಂದು ಪಕ್ಕವನ್ನು ಜಾಕ್ ಕೊಟ್ಟು ಎತ್ತಿ, ಮತ್ತೆ ನೋಡಿ. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ ಅಥವಾ ಬಾಗಿಲು ತೆಗೆಯಲು ಬಿಗಿಯಾದರೆ ತೊಲೆಗಳಲ್ಲಿ ಜೀವವಿಲ್ಲ. ಆ ಕಾರನ್ನು ಬಿಟ್ಟು ಬನ್ನಿ.

ಹಂತ 2: ಎಂಜಿನ್ ಬಿಚ್ಚುವ ಮೊದಲು ಅಳೆಯಿರಿ

ಮನೆಗೆ ತಂದ ಕೂಡಲೇ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದು ಎಲ್ಲರೂ ಮಾಡುವ ತಪ್ಪು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಅಂಟಿಕೊಂಡಿರಬಹುದು. ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ತೆಗೆದು, ಪ್ರತಿ ತೂತಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಹಾಗೇ ಇಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಮುಂದೆ, ಬೆಲ್ಟ್ ಓಡುವ ಗಾಲಿಯ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ. ಎರಡು ಸುತ್ತು ಸರಾಗವಾಗಿ ತಿರುಗಿದರೆ ಮಾತ್ರ ಸೆಲ್ಫ್.

ಮುಂದಿನದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು. ಪ್ಲಗ್ಗುಗಳೆಲ್ಲ ಹೊರಗಿರಲಿ, ಇಗ್ನಿಷನ್ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಗೇಜ್ ಮುಳ್ಳು ನಿಲ್ಲುವವರೆಗೆ ಸೆಲ್ಫ್ ಕೊಡಿ. ಮುಳ್ಳು ಎಷ್ಟಕ್ಕೆ ನಿಂತಿತು ಎನ್ನುವುದಕ್ಕಿಂತ ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇವೆಯೇ ಎನ್ನುವುದು ಮುಖ್ಯ. ಸುಮಾರು 10 ಶೇಕಡ ಒಳಗಿನ ವ್ಯತ್ಯಾಸವಾದರೆ ಚಿಂತೆಯಿಲ್ಲ. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವಿನ ಹಾಳೆ). ಅಕ್ಕಪಕ್ಕದ ಎರಡರಲ್ಲೂ ಕಡಿಮೆಯಿದ್ದರೆ ಅನುಮಾನ ಗ್ಯಾಸ್ಕೆಟ್ ಮೇಲೇ.

ಸ್ಪಿಟ್‌ಫೈರ್ ಇರುವವರು ಇದನ್ನೂ ನೋಡಿ: ಎಂಜಿನ್ ನಿಂತಿರುವಾಗ ಒಬ್ಬರು ಕ್ಲಚ್ ಒತ್ತಿ ಬಿಡಲಿ, ಇನ್ನೊಬ್ಬರು ಕ್ರ್ಯಾಂಕ್ ಪುಲ್ಲಿ ಗಮನಿಸಲಿ. ಪುಲ್ಲಿ ಕಾಣುವಷ್ಟು ಹಿಂದೆಮುಂದೆ ಸರಿದರೆ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಬಿಲ್ಲೆ) ಸವೆದಿದೆ. ಅದು ಉದುರಿ ಬಿದ್ದರೆ ಕ್ರ್ಯಾಂಕ್, ಬ್ಲಾಕ್ ಎರಡೂ ಹಾಳು.

ಅಳತೆ ಚೆನ್ನಾಗಿ ಬಂದರೆ ಎಂಜಿನ್ ಬಿಚ್ಚಬೇಡಿ. "ಹೇಗೂ ಕೈಹಾಕಿದ್ದೇವಲ್ಲ, ಇದನ್ನೂ ಹೊಸದು ಮಾಡೋಣ" ಎಂಬ ಒಂದು ಯೋಚನೆಗೆ ಬಲಿಯಾದಷ್ಟು ಬಜೆಟ್ ತುಕ್ಕಿಗೂ ಬಲಿಯಾಗಿಲ್ಲ.

ಹಂತ 3: ಹಣ ಮತ್ತು ಉಪಕರಣ

ಈಗ ಕಾರಿನ ನಿಜಸ್ಥಿತಿ ಗೊತ್ತಾಗಿದೆ, ಲೆಕ್ಕ ಹಾಕಬಹುದು. ನಿಮ್ಮ ಹತ್ತಿರ ಇರುವ ಹಣದಲ್ಲಿ ಮೂರನೇ ಒಂದು ಭಾಗವನ್ನು ಯಾವುದಕ್ಕೂ ಹಂಚದೆ ಪಕ್ಕಕ್ಕಿಡಿ. ಕಾಣದ ಜಾಗದ ತುಕ್ಕು ಅದನ್ನು ಕೇಳಿಯೇ ಕೇಳುತ್ತದೆ. ಉಳಿದದ್ದರಲ್ಲಿ ಮೊದಲ ಪಾಲು ತಳ ಮತ್ತು ಬ್ರೇಕಿಗೆ. ಹೊಳೆಯುವ ಬಂಪರ್, ಮರದ ಸ್ಟಿಯರಿಂಗ್, ಹೊಸ ಕಾರ್ಪೆಟ್ ಅಗ್ಗಕ್ಕೆ ಕಂಡರೂ ಈಗ ಕೊಳ್ಳಬೇಡಿ.

ಉಪಕರಣದಲ್ಲಿ ಅಗ್ಗದ್ದಕ್ಕೆ ಹೋಗಬಾರದ್ದು ಮೂರು: ಆಕ್ಸಲ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಸಾಕೆಟ್ ಸೆಟ್. ಮಲ್ಟಿಮೀಟರ್ ಸಾಧಾರಣದ್ದೇ ಸಾಕು. ಎಂಜಿನ್ ಎತ್ತುವ ಕ್ರೇನ್ ಬಾಡಿಗೆಗೆ ತನ್ನಿ. ಹಳೆಯ ಬ್ರಿಟಿಷ್ ಕಾರುಗಳ ಬೋಲ್ಟು ಇಂಚಿನ ಅಳತೆಯವು. ಅರ್ಧ ಇಂಚು ಎಂದರೆ 12.7 ಮಿಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಬೋಲ್ಟು ಸಡಿಲವಿದ್ದರೆ ತಿರುಗಿಯೂ ತಿರುಗುತ್ತದೆ. ತುಕ್ಕು ಹಿಡಿದ ಬೋಲ್ಟಿನಲ್ಲಿ ಮೂಲೆ ಸವೆದು ದುಂಡಗಾಗಿಬಿಡುತ್ತದೆ. ಆಮೇಲೆ ಅರ್ಧ ದಿನ ಅದೊಂದರ ಜೊತೆಯೇ ಗುದ್ದಾಟ.

ಜಾಕ್ ಎತ್ತಲು ಮಾತ್ರ, ಭಾರ ಹೊರಲು ಅಲ್ಲ. ಸ್ಟ್ಯಾಂಡ್ ಇಲ್ಲದೆ ಕಾರಿನ ಅಡಿಗೆ ಒಂದು ಕೈಯನ್ನೂ ಹಾಕಬೇಡಿ. ಸ್ಟ್ಯಾಂಡ್ ಇಟ್ಟ ಮೇಲೂ ಕಾರನ್ನು ಜೋರಾಗಿ ಅಲುಗಾಡಿಸಿ ನೋಡಿಯೇ ಒಳಹೋಗಿ. ಹಳೆಯ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು, ಕೆಲವು ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ; ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿ ಬಿಸಾಡಿ.

ಹಂತ 4: ಬಿಚ್ಚುವ ಶಿಸ್ತು

ಬಿಚ್ಚುವ ಮೊದಲು ಫೋಟೋ, ಬಿಚ್ಚುತ್ತ ಫೋಟೋ, ಬಿಚ್ಚಿದ ಮೇಲೆ ಫೋಟೋ. ಪ್ರತಿ ಭಾಗದ ಬೋಲ್ಟುಗಳಿಗೆ ಬೇರೆ ಚೀಲ, ಅದರೊಳಗೆ ಚೀಟಿ. ಚೀಟಿಯಲ್ಲಿ "ಎಡ ಬಾಗಿಲು" ಎಂದಷ್ಟೇ ಬರೆದರೆ ಸಾಲದು, "ಎಡ ಬಾಗಿಲು, ಮೇಲಿನ ಕೀಲು, 3 ಬೋಲ್ಟು, ಎರಡು ತೆಳು ವಾಷರ್ ಒಳಬದಿಗೆ" ಎಂದು ಬರೆಯಿರಿ. ವರ್ಷ ಕಳೆದ ಮೇಲೆ ಜೋಡಿಸುವಾಗ ನಿಮಗೆ ಬೇಕಾಗುವುದು ಆ ತೆಳು ವಾಷರಿನ ಲೆಕ್ಕವೇ. ಹೊಸ ಭಾಗ ಬಂದು, ಕೂತು, ಕೆಲಸ ಮಾಡುವವರೆಗೆ ಹಳೆಯದನ್ನು ಎಸೆಯಬೇಡಿ.

ಬೋಲ್ಟು ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಮರುದಿನದವರೆಗೆ ಬಿಡಿ. ಸಡಿಲಿಸುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿಮಾಡಿ ನೋಡಿ. ತುಕ್ಕಿನ ಹಿಡಿತ ಎಷ್ಟೋ ಸಲ ಹಾಗೆಯೇ ಬಿಡುತ್ತದೆ.

ಹಂತ 5: ತಳ ಮತ್ತು ವೆಲ್ಡಿಂಗ್

ಇಡೀ ಕೆಲಸದ ಕಷ್ಟವೆಲ್ಲ ಇಲ್ಲಿದೆ, ಅವಸರ ಮಾಡಬಾರದ್ದೂ ಇಲ್ಲಿಯೇ.

ಮೊದಲು ಬೆಂಕಿಯ ಮಾತು. ಬ್ಯಾಟರಿ ತೆಗೆಯಿರಿ, ಪೆಟ್ರೋಲ್ ಟ್ಯಾಂಕು ಮತ್ತು ಪೈಪು ಹೊರಗಿಡಿ, ಸೀಟು, ಕಾರ್ಪೆಟ್, ನೆಲಕ್ಕೆ ಅಂಟಿಸಿದ ಟಾರ್ ಹಾಳೆಗಳನ್ನು ಕಿತ್ತುಹಾಕಿ. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆ ಉಳಿದ ಆವಿ ಸಿಡಿಯುತ್ತದೆ. ಅದಕ್ಕೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ತಗಡಿಗೂ ವೆಲ್ಡಿಂಗ್ ಮಾಡಬಾರದು. ಆ ಶಾಖಕ್ಕೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಕೆಲಸ ನಿಲ್ಲಿಸಿದ ಮೇಲೂ ಕನಿಷ್ಠ ಅರ್ಧ ಗಂಟೆ ಅಲ್ಲೇ ಇರಿ, ಹೊಗೆ ಶುರುವಾಗುವುದು ಆಮೇಲೆಯೇ.

ಎರಡನೆಯದು ಆಧಾರ. ನನ್ನ ಮೊದಲ ಕಾರಿನಲ್ಲಿ ಎರಡೂ ಪಕ್ಕದ ಸಿಲ್ ಒಟ್ಟಿಗೇ ಕತ್ತರಿಸಿ, ಬಾಗಿಲುಗಳನ್ನು ಕಳಚಿಟ್ಟು, ಹೊಸ ತಗಡು ಕೂರಿಸಿದೆ. ವೆಲ್ಡಿಂಗ್ ನೋಡಲು ಅಚ್ಚುಕಟ್ಟಾಗಿತ್ತು. ಬಾಗಿಲು ತಂದು ಹಾಕಿದರೆ ಮೇಲಿನ ಮೂಲೆ ಹಿಂದಿನ ರೆಕ್ಕೆಯ (ಹಿಂಚಕ್ರದ ಮೇಲಿನ ತಗಡಿನ) ಮೇಲೆ ಹತ್ತಿ ಕೂತಿತು, ಕಿರುಬೆರಳಿನ ದಪ್ಪದಷ್ಟು. ಕಾರು ನಡುವೆ ಕುಸಿದಿತ್ತು, ನಾನು ಕುಸಿದ ಆಕಾರದಲ್ಲೇ ಅದನ್ನು ಬೆಸೆದುಬಿಟ್ಟಿದ್ದೆ. ಎಲ್ಲವನ್ನೂ ಕತ್ತರಿಸಿ ಮತ್ತೆ ಮಾಡಬೇಕಾಯಿತು. ನೀವು ಹೀಗೆ ಮಾಡಿ: ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಮುಂದಿನಿಂದ ಹಿಂದಕ್ಕೆ ಕಬ್ಬಿಣದ ಚೌಕ ಪೈಪು ಅಡ್ಡಕೊಟ್ಟು ಬೆಸೆಯಿರಿ. ಒಂದು ಸಲಕ್ಕೆ ಒಂದೇ ಪಕ್ಕ. ಹೊಸ ತಗಡನ್ನು ಕ್ಲಾಂಪಿನಲ್ಲಿ ಹಿಡಿದು, ಅಲ್ಲಲ್ಲಿ ಚುಕ್ಕೆ ಹಾಕಿ, ಬಾಗಿಲು ಹಾಕಿ ಸಂದು ನೋಡಿ, ಸರಿಯಿದ್ದರೆ ಮಾತ್ರ ಮುಂದುವರಿಯಿರಿ.

ಬಾಡಿಯ ತಗಡು ಸಾಮಾನ್ಯವಾಗಿ 1 ಮಿಮೀ ಆಸುಪಾಸಿನದು. ತಂತಿಯನ್ನೇ ಕರಗಿಸುತ್ತ ಬೆಸೆಯುವ ಮಿಗ್ ವೆಲ್ಡಿಂಗ್‌ಗೆ 0.6 ಮಿಮೀ ತಂತಿ ಹೊಂದುತ್ತದೆ. ಉದ್ದಕ್ಕೆ ಒಂದೇ ಗೆರೆ ಎಳೆದರೆ ತಗಡು ಬಿಸಿಗೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಎರಡು ಸೆಂಟಿಮೀಟರ್ ಇಲ್ಲಿ, ಆಮೇಲೆ ಆ ತುದಿಯಲ್ಲಿ, ಆಮೇಲೆ ನಡುವೆ, ಹೀಗೆ ಹಾರಿಸಿ ಹಾರಿಸಿ ಮಾಡಿ. ಮೊದಲು ಅದೇ ದಪ್ಪದ ಗುಜರಿ ತುಂಡುಗಳ ಮೇಲೆ ಅಭ್ಯಾಸ ಮಾಡಿ, ವೈಸಿಗೆ ಹಾಕಿ ಸುತ್ತಿಗೆಯಿಂದ ಬಗ್ಗಿಸಿ. ಬೆಸುಗೆ ಬಿಟ್ಟುಕೊಂಡರೆ ಇನ್ನೂ ಕಾರಿಗೆ ಕೈಹಾಕುವ ಹೊತ್ತಲ್ಲ. ತಗಡೇ ಹರಿದು ಬೆಸುಗೆ ಉಳಿದರೆ ಮುಂದುವರಿಯಬಹುದು.

ಕೈ ಪಳಗದವರಿಗೆ ನನ್ನ ಸಲಹೆ: ತುಕ್ಕು ಕತ್ತರಿಸುವುದು, ಉಜ್ಜುವುದು, ಹೊಸ ತಗಡು ಕತ್ತರಿಸಿ ಹೊಂದಿಸುವುದು, ಇಷ್ಟನ್ನು ನೀವು ಮಾಡಿ. ಬೆಸುಗೆಗೆ ಮಾತ್ರ ನುರಿತವರನ್ನು ಒಂದು ದಿನಕ್ಕೆ ಕರೆಸಿ. ಹೆಚ್ಚಿನ ಹೊತ್ತು ಹಿಡಿಯುವುದು ತಯಾರಿಗೆ, ಬೆಸುಗೆಗಲ್ಲ. ಉಳಿತಾಯವೂ ತಯಾರಿಯಲ್ಲೇ ಇದೆ.

ತುಕ್ಕಿನ ಮೇಲೆ ತಗಡು ಹೊಚ್ಚಬೇಡಿ. ಹೊಳೆಯುವ ಲೋಹ ಕಾಣುವವರೆಗೆ ಕತ್ತರಿಸಿ. ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಮೇಲ್ಮೈ ತುಕ್ಕಿಗೆ ಸರಿ, ತೂತು ಬಿದ್ದದ್ದನ್ನು ಅದು ಉಳಿಸಲಾರದು.

ಹಂತ 6: ಬ್ರೇಕ್

ತಳ ಗಟ್ಟಿಯಾದ ಮೇಲೆ ಬ್ರೇಕ್. ಎಂಜಿನ್ ಶುರುವಾಗುವ ಮೊದಲೇ ಇದು ಮುಗಿಯಬೇಕು. ಶುರುವಾದ ಕಾರನ್ನು ಓಡಿಸದೆ ಇರಲು ಯಾರಿಗೂ ಆಗುವುದಿಲ್ಲ.

ರಬ್ಬರ್ ಹೋಸುಗಳನ್ನು ನೋಡಲು ಚೆನ್ನಾಗಿದ್ದರೂ ಬದಲಿಸಿ. ಹಳೆಯ ಹೋಸನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಗೊತ್ತಾಗುತ್ತದೆ: ಹೊರಗೆ ಬಿರುಕಿಲ್ಲ, ಒಳಗಿನ ತೂತು ಊದಿಕೊಂಡು ಸೂಜಿ ಹೋಗುವಷ್ಟೇ ಉಳಿದಿರುತ್ತದೆ. ಪೆಡಲ್ ಒತ್ತಿದಾಗ ಎಣ್ಣೆ ರಭಸಕ್ಕೆ ದಾಟುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ. ಸ್ವಲ್ಪ ದೂರ ಓಡಿಸಿ ಬಂದಾಗ ಒಂದು ಚಕ್ರ ಮಾತ್ರ ಬಿಸಿಯಾಗಿದ್ದರೆ ಈ ಹೋಸನ್ನು, ಇಲ್ಲವೇ ಅಂಟಿಕೊಂಡ ಕ್ಯಾಲಿಪರ್ ಪಿಸ್ಟನ್ನನ್ನು ಅನುಮಾನಿಸಿ. ಲೋಹದ ಪೈಪುಗಳನ್ನು ತಾಮ್ರ-ನಿಕ್ಕಲ್ ಮಿಶ್ರಲೋಹದ್ದಕ್ಕೆ ಬದಲಿಸಿದರೆ ಮತ್ತೆ ತುಕ್ಕಿನ ಕಾಟವಿಲ್ಲ.

ಬ್ರೇಕ್ ಎಣ್ಣೆಯಲ್ಲಿ ಗೊಂದಲ ಬೇಡ, ಅದರ ದರ್ಜೆಯನ್ನು ಡಾಟ್ ಎಂದು ಗುರುತಿಸುತ್ತಾರೆ. ಡಾಟ್ 3, ಡಾಟ್ 4, ಡಾಟ್ 5.1 ಒಂದೇ ಜಾತಿಯವು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಹಳೆಯದಾದರೆ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಯಬೇಡಿ. ಎಂದೂ ಬಳಸದ ತುದಿಯಲ್ಲಿ ತುಕ್ಕಿನ ದಿಂಡು ಇರುತ್ತದೆ, ಸೀಲು ಅದಕ್ಕೆ ಉಜ್ಜಿ ಹರಿಯುತ್ತದೆ. ಇನ್ನೊಂದು ವಿಷಯ, ಬ್ರೇಕ್ ಎಣ್ಣೆ ಬಣ್ಣವನ್ನು ಎಬ್ಬಿಸುತ್ತದೆ. ಮೊದಲೇ ಬಣ್ಣ ಹೊಡೆಸಿದವರು ಇಲ್ಲಿ ಅಳುತ್ತಾರೆ.

ಹಂತ 7: ಪೆಟ್ರೋಲ್ ಮತ್ತು ಮೊದಲ ಸ್ಟಾರ್ಟ್

ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ವಾರ್ನಿಷಿನಂಥ ವಾಸನೆ ಬಂದರೆ ಕಾರ್ಬುರೇಟರ್ ಒಳಗೂ ಅದೇ ಅಂಟು ಇದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಹಳೆಯ ರಬ್ಬರು ಅದಕ್ಕೆ ತಡೆಯುವುದಿಲ್ಲ. ಎಥನಾಲ್‌ಗೆ ಒಗ್ಗುವ ಹೋಸುಗಳನ್ನೇ ಹಾಕಿ. ಎಸ್‌ಯು ಕಂಪನಿಯ ಕಾರ್ಬುರೇಟರ್ ಇದ್ದರೆ ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಸಲೀಸಾಗಿ ಇಳಿದು ಕೊನೆಗೆ ಟಕ್ ಎಂದು ಕೂರಬೇಕು. ಸದ್ದಿಲ್ಲದೆ ನಡುವೆ ನಿಂತರೆ ಸ್ವಚ್ಛ ಮಾಡಬೇಕು ಇಲ್ಲವೇ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಮಧ್ಯಕ್ಕೆ ಕೂರಿಸಬೇಕು.

ಹೊಸ ಎಂಜಿನ್ ಆಯಿಲ್, ಹೊಸ ಫಿಲ್ಟರ್ ಹಾಕಿ. ಪ್ಲಗ್ ತೆಗೆದೇ ಸೆಲ್ಫ್ ಕೊಟ್ಟು, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಕಾಯಿರಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆಯಿದ್ದರೆ ರೇಡಿಯೇಟರ್ ನೀರು ಸಿಲಿಂಡರಿಗೆ ಹೋಗುತ್ತಿದೆ. ಆಗ ತಕ್ಷಣ ನಿಲ್ಲಿಸಿ.

ಹಂತ 8: ವಿದ್ಯುತ್

ಹಳೆಯ ಕಾರಿನ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲು ಅರ್ಥಿಂಗ್ ತೊಂದರೆ. ಹೊಸ ವೈರಿಂಗ್ ಕೊಳ್ಳುವ ಮೊದಲು ಕಾರಿನ ಮೈಗೆ ಕೂಡುವ ಪ್ರತಿ ಕಪ್ಪು ವೈರಿನ ತುದಿಯನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಮಾಡಿ. ದೀಪ ಹೊತ್ತಿಸಿ ಅದರ ಅರ್ಥ್ ತುದಿಗೂ ಬ್ಯಾಟರಿಯ ಅರ್ಥ್ ತುದಿಗೂ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಕೊಳಕಿದೆ. ಲ್ಯೂಕಸ್ ಕಂಪನಿಯ ವೈರಿಂಗ್ ಇರುವ ಬ್ರಿಟಿಷ್ ಕಾರುಗಳಲ್ಲಿ ಕಂದು ಸದಾ ಕರೆಂಟ್ ಇರುವ ವೈರು, ಬಿಳಿ ಕೀಲಿ ತಿರುಗಿಸಿದಾಗ ಬರುವುದು, ಹಸಿರು ಅದೇ ಕರೆಂಟ್ ಫ್ಯೂಸ್ ದಾಟಿದ ಮೇಲಿನದು. ಇಷ್ಟು ನೆನಪಿದ್ದರೆ ಅರ್ಧ ಹುಡುಕಾಟ ಮುಗಿಯಿತು. 1967ಕ್ಕೂ ಹಿಂದಿನ ಎಂಜಿಬಿಯಾದರೆ ಬ್ಯಾಟರಿ ಜೋಡಿಸುವ ಮೊದಲು ನಿಂತು ನೋಡಿ, ಅವುಗಳಲ್ಲಿ ಕಾರಿನ ಮೈಗೆ ಕೂಡುವುದು ಪಾಸಿಟಿವ್ ತುದಿ.

ಹಂತ 9: ಓಡಿಸಿ, ಬಣ್ಣ ಆಮೇಲೆ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಟೈರಿನ ಮೇಲಿನ ಅಚ್ಚು ಎಷ್ಟೇ ಉಳಿದಿರಲಿ ಬಿಸಾಡಿ. ಕಾಗದಪತ್ರ, ವಿಮೆ ಸರಿಮಾಡಿಕೊಂಡು ಮೊದಲ ದಿನ ಒಂದು ಕಿಲೋಮೀಟರ್, ಆಮೇಲೆ ಹತ್ತು, ಆಮೇಲೆ ಐವತ್ತು. ಪ್ರತಿ ಸಲ ಬಂದು ಚಕ್ರದ ನಟ್ಟು ಬಿಗಿ ನೋಡಿ, ಕಾರಿನ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ಎಲ್ಲಿ ತೊಟ್ಟಿಕ್ಕಿದೆ ಗುರುತು ಹಾಕಿ.

ಪ್ರೈಮರ್ ಬಣ್ಣದಲ್ಲೇ ಕೆಲವು ತಿಂಗಳು ಓಡಿಸಿ ಎನ್ನುತ್ತೇನೆ, ಆದರೆ ಎಪಾಕ್ಸಿ ಪ್ರೈಮರ್ ಆಗಿರಲಿ. ಸಾಧಾರಣ ಪ್ರೈಮರ್ ನೀರು ಹೀರಿ ಒಳಗೇ ತುಕ್ಕು ಬೆಳೆಸುತ್ತದೆ. ಈ ತಿಂಗಳುಗಳಲ್ಲಿ ಬಿಚ್ಚಬೇಕಾದ್ದೆಲ್ಲ ಮತ್ತೊಮ್ಮೆ ಬಿಚ್ಚಿ ಬರುತ್ತದೆ, ಬಣ್ಣಕ್ಕೆ ಗೀರು ಬೀಳುವ ಭಯವಿರುವುದಿಲ್ಲ.

ಬಣ್ಣದ ತಯಾರಿ ಮನೆಯಲ್ಲೇ ಆಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿ ನೀರು ಹಾಕುತ್ತ ಉಜ್ಜಿ. ಪುಟ್ಟಿ 3 ಮಿಮೀ ದಾಟಿದರೆ ತಗಡು ಇನ್ನೂ ನೇರವಾಗಿಲ್ಲ ಎಂದರ್ಥ, ಸುತ್ತಿಗೆಗೆ ಹಿಂದಿರುಗಿ. ಎರಡು ದ್ರವ ಬೆರೆಸಿ ಹೊಡೆಯುವ ಗಟ್ಟಿ ಬಣ್ಣವನ್ನು ಮಾತ್ರ ಮನೆಯಲ್ಲಿ ಹೊಡೆಯಬೇಡಿ. ಅದರಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕವನ್ನು ಸಾಮಾನ್ಯ ಮಾಸ್ಕ್ ತಡೆಯುವುದಿಲ್ಲ, ಅದು ಶ್ವಾಸಕೋಶಕ್ಕೆ ಜೀವಮಾನದ ತೊಂದರೆ ಮಾಡಬಲ್ಲದು. ಉಜ್ಜಿ ಸಿದ್ಧವಾದ ಕಾರನ್ನು ಸ್ಪ್ರೇ ಬೂತ್ ಇರುವವರಿಗೆ ಕೊಡಿ.

ಬಣ್ಣ ಒಣಗಿದ ಮೇಲೆ ಸಿಲ್ ಒಳಗೆ, ಬಾಗಿಲ ಒಳಗೆ, ತೊಲೆಗಳ ಒಳಗೆ ಉದ್ದ ಕೊಳವೆಯಿಂದ ತುಕ್ಕುನಿರೋಧಕ ಮೇಣ ಸಿಂಪಡಿಸಿ. ಮರುದಿನ ಒಂದು ತೆಳು ತಂತಿ ತೆಗೆದುಕೊಂಡು ಬಾಗಿಲು ಮತ್ತು ಸಿಲ್ ಅಡಿಯಲ್ಲಿರುವ ನೀರಿಳಿಯುವ ತೂತುಗಳಿಗೆ ಒಂದೊಂದಾಗಿ ಹಾಕಿ ನೋಡಿ. ಮೇಣ ಕಟ್ಟಿಕೊಂಡಿದ್ದರೆ ತಂತಿಯಿಂದ ಬಿಡಿಸಿ.